ಕಾಶವ್ವನ ಎಡ ಅಂಗೈ

ಕಾಶವ್ವ ಸತ್ತು ಒಂಬತ್ತು ವರ್ಷವಾಗಿತ್ತು. ಈ ಸಂಗತಿ ಕಾಶವ್ವನನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಬೆಳಗಾದರೆ ಎದ್ದು ಸ್ನಾನ ಮಾಡುತ್ತಿದ್ದಳು, ಜೋಳದ ರೊಟ್ಟಿ ಬಡಿಯುತ್ತಿದ್ದಳು, ಗಂಡ ಬಸಲಿಂಗಪ್ಪನವರ ಬಿ.ಪಿ. ಗುಳಿಗೆಯನ್ನು ತಟ್ಟೆಯ ಅಂಚಿಗೆ ಇಡುತ್ತಿದ್ದಳು, ಭಾನುವಾರ ಆಸ್ಟಿನ್ನಿನ ಮಗ ವಿಜಯನ ಜತೆ ವಿಡಿಯೋದಲ್ಲಿ ಮಾತಾಡುತ್ತಿದ್ದಳು. ಸತ್ತವರು ಇಷ್ಟೆಲ್ಲ ಮಾಡುತ್ತಾರೆಯೇ ಎಂದರೆ ಅವಳಾದರೂ ಏನು ಹೇಳಿಯಾಳು, ಪಾಪ. ಅವಳ ಮಟ್ಟಿಗೆ ತಾನು ಹೋದದ್ದು ಒಂದು ಜೂನ್ ತಿಂಗಳ ಮಂಗಳವಾರ, ಬೆಳಿಗ್ಗೆ ಏಳೂವರೆಗೆ, ಲೇಕ್ ವರ್ನಾದಲ್ಲಿ, ಮನೆಯ ಹಿಂದೆ ನೀರಿನ ಮೇಲೆ ಚಾಚಿದ ಮರದ ಡಾಕ್‌ನ ಮೇಲೆ.

ಲೇಕ್ ವರ್ನಾ ದೇವರು ಮಾಡಿದ ಕೆರೆಯಲ್ಲ. ಡಲ್ಲಾಸ್‌ನಿಂದ ಒಂದೂಕಾಲು ಗಂಟೆ ಡ್ರೈವ್ ಮಾಡಿದರೆ ಸಿಗುತ್ತದೆ. ಐವತ್ತು ವರ್ಷದ ಹಿಂದೆ ಒಬ್ಬ ಬಿಲ್ಡರ್ ಒಂದು ಹಳ್ಳಕ್ಕೆ ಮಣ್ಣಿನ ಕಟ್ಟೆ ಹಾಕಿ, ಓಕ್ ಮರಗಳನ್ನು ಕಡಿಸಿ, ನೀರು ನಿಲ್ಲಿಸಿ, ತನ್ನ ತಾಯಿಯ ಹೆಸರಿಟ್ಟ. ಮರ ಕಡಿಸಿದನೇ ಹೊರತು ಬುಡ ಕೀಳಿಸಲಿಲ್ಲ. ಅವೆಲ್ಲ ಇನ್ನೂ ನೀರಿನಡಿಯಲ್ಲಿ ಹಾಗೇ ಕೂತಿವೆ. ದಂಡೆಯ ಸುತ್ತ ಇನ್ನೂರು ಚಿಲ್ಲರೆ ಮನೆ, ಎಲ್ಲರಿಗೂ ಸೇರಿ ಒಂದು ಪ್ರಾಪರ್ಟಿ ಓನರ್ಸ್ ಅಸೋಸಿಯೇಷನ್, ಅಂದರೆ ಪಿ.ಓ.ಎ. ನೀರು ಅದರದು, ಕಟ್ಟೆ ಅದರದು, ನಿಮ್ಮ ಹಿತ್ತಿಲ ಹುಲ್ಲಿನ ಎತ್ತರವೂ ಅದರದೇ. ಹುಲ್ಲು ಬೆಳೆದರೆ ಕಾಗದ ಬರುತ್ತದೆ, ಬಟ್ಟೆ ಹೊರಗೆ ಒಣಗಿಸಿದರೆ ಕಾಗದ ಬರುತ್ತದೆ. ಒಮ್ಮೆ ಬಸಲಿಂಗಪ್ಪನವರು ಬಾಗಿಲಿಗೆ ಮಾವಿನ ತೋರಣದ ಬದಲು ಓಕ್ ಎಲೆ ಕಟ್ಟಿದ್ದಕ್ಕೂ ಬಂದಿತ್ತು, ಹಬ್ಬದ ಅಲಂಕಾರ ಹತ್ತು ದಿನಕ್ಕಿಂತ ಹೆಚ್ಚು ಇರಕೂಡದೆಂದು. ಅಧ್ಯಕ್ಷೆ ಡಾರ್ಲೀನ್ ಎಂಬ ಬಿಳಿಕೂದಲ ಹೆಂಗಸು. ಗಾಲ್ಫ್ ಗಾಡಿಯಲ್ಲಿ ದಿನಕ್ಕೊಮ್ಮೆ ಕೆರೆ ಸುತ್ತು ಹಾಕುತ್ತಾಳೆ. ಕೆಟ್ಟವಳಲ್ಲ. ನಿಯಮ ಎಂದರೆ ನಿಯಮ, ಅಷ್ಟೆ.

ಕಾಶವ್ವ ಬಾಗಲಕೋಟೆ ಕಡೆಯ ಗುಳೇದಗುಡ್ಡದವಳು, ಕುಪ್ಪಸದ ಖಣ ನೇಯುವ ಊರಿನವಳು. ಹೀಗಾಗಿ ಕತ್ತರಿ, ಸೂಜಿ ಅವಳ ಕೈಗೆ ಹುಟ್ಟುತ್ತಲೇ ಒಗ್ಗಿದವು. ಹ್ಯೂಸ್ಟನ್ನಿನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನಲ್ಲಿ ಎರಡು ಸೀರೆ ಅಂಗಡಿಗಳ ಸಂದಿಯಲ್ಲಿ ಇಪ್ಪತ್ತೆರಡು ವರ್ಷ ಹೊಲಿಗೆ ಅಂಗಡಿ ನಡೆಸಿದಳು. ಯಾರ ತೋಳು ದಪ್ಪ, ಯಾರ ಭುಜ ಇಳಿಜಾರು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಗುಂಡಿಯೊಂದನ್ನು ಅಂಗೈಯಲ್ಲಿಟ್ಟು ತೂಗಿದರೆ ಅದು ಕೊಂಬಿನದೋ ಪ್ಲಾಸ್ಟಿಕ್ಕಿನದೋ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಬಸಲಿಂಗಪ್ಪನವರು ಅದೇ ಊರಲ್ಲಿ ಮಳೆನೀರಿನ ಕಾಲುವೆಗಳ ಎಂಜಿನಿಯರ್. ರಿಟೈರ್ ಆದಮೇಲೆ, ಜೀವನವಿಡೀ ನೀರನ್ನು ಊರಿಂದ ಆಚೆ ಓಡಿಸಿದ್ದಾಯಿತು, ಇನ್ನು ನಿಂತ ನೀರು ನೋಡಿಕೊಂಡು ಕೂತಿರೋಣ ಎಂದು ಈ ದಂಡೆಗೆ ಶಿಫ್ಟ್ ಆದರು. ಪಿ.ಓ.ಎ.ಯವರು ಇಂಥ ಗಿರಾಕಿಯನ್ನು ಬಿಟ್ಟಾರೆಯೇ? ಕೆರೆ ಕಮಿಟಿಗೆ ಮುಖ್ಯಸ್ಥರನ್ನಾಗಿ ಮಾಡಿದರು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕಟ್ಟೆಗೆ ಹೋಗಿ ನೀರಿನ ಮಟ್ಟದ ಗುರುತು ನೋಡಿ ಬರೆದುಕೊಂಡು ಬರುವುದು ಅವರ ಕೆಲಸ.

ಇಬ್ಬರೂ ಲಿಂಗವಂತರ ಮನೆಯವರು. ಕೂಸಿಗೆ ಹೆಸರಿಡುವ ಮೊದಲೇ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಬೊಗಸೆಗೆ ತುಂಬದ ಆ ಕರಿಯ ಇಷ್ಟಲಿಂಗ ಬೆಳ್ಳಿಯ ಕರಡಿಗೆಯೊಳಗೆ, ಶಿವದಾರದ ತುದಿಯಲ್ಲಿ, ಎದೆಯ ಮೇಲೆ ಆಯುಷ್ಯವಿಡೀ ಇರಬೇಕು. ದಿನಾ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಂಡ ಮೇಲೆಯೇ ಬಾಯಿಗೆ ಅನ್ನ. ಕೊನೆಗೆ ಮಣ್ಣಿಗಿಡುವಾಗಲೂ ಅದನ್ನು ಎಡ ಅಂಗೈಯಲ್ಲೇ ಇಟ್ಟು ಕಳಿಸುತ್ತಾರೆ. ನಡುವೆ ಅದು ಮೈ ಬಿಡಕೂಡದು.

ಆ ಮಂಗಳವಾರ ಬಸಲಿಂಗಪ್ಪನವರು ಮೂರು ದಿನದ ಮಟ್ಟಿಗೆ ಆಸ್ಟಿನ್ನಿಗೆ ಹೋಗಿದ್ದರು. ಕಾಶವ್ವ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಹಾಕಿ, ಹೂವು ಪತ್ರಿ ತುಳಿಯುವಲ್ಲಿ ಬೀಳಬಾರದೆಂದು ಡಾಕ್‌ನ ಅಂಚಿಗೆ ಬಂದು ಬಗ್ಗಿ ನೀರಿಗೆ ಬಿಟ್ಟಳು. ಕೆರೆಗೆ ಹೂವು ಹಾಕಕೂಡದೆಂದು ಹಿಂದಿನ ವಾರವೇ ಫೋಟೋ ಸಮೇತ ಕಾಗದ ಬಂದಿತ್ತು, ತೇಲುವ ಚೆಂಡುಹೂವಿನ ಎಸಳಿಗೆ ಕೆಂಪು ಸುತ್ತು ಹಾಕಿ. ಅದಕ್ಕೆಂದೇ ಅವಸರದಲ್ಲಿ ಬಗ್ಗಿದಳು. ಕರಡಿಗೆಯ ಕೊಂಡಿಯ ಹತ್ತಿರ ದಾರ ಸವೆದು ಎಂಟು ದಿನವಾಗಿತ್ತು. ನಾಳೆ ಹೊಲಿದರಾಯಿತು, ನಾಳೆ ಹೊಲಿದರಾಯಿತು ಎನ್ನುತ್ತಿದ್ದಳು. ಹ್ಯೂಸ್ಟನ್ನಿನ ಅರ್ಧ ಹೆಣ್ಣುಮಕ್ಕಳ ಹುಕ್ಕು ಗುಂಡಿ ಕಾಪಾಡಿದವಳು ತನ್ನ ಕೊರಳ ದಾರ ನೋಡಿಕೊಳ್ಳಲಿಲ್ಲ.

ದಾರ ಹರಿದು ಕರಡಿಗೆ ಜಾರಿತು. ದೊಡ್ಡ ಸದ್ದೇನೂ ಆಗಲಿಲ್ಲ. ಟುಳುಕ್ ಎಂದಿತು. ಒಂದು ಸಣ್ಣ ಉಂಗುರ ಎದ್ದು, ಅಗಲವಾಗಿ, ಅಳಿಸಿಹೋಯಿತು. ಕಾಶವ್ವ ಕವುಚಿ ಮಲಗಿ ಕೈ ಇಳಿಸಿದಳು. ಮೊಳಕೈವರೆಗೆ ಚಹಾದ ಬಣ್ಣದ ನೀರು, ಆಚೆಗೆ ಕತ್ತಲೆ. ಅಲ್ಲಿ ಐದಡಿ ಆಳ. ಅವಳಿಗೆ ಈಜು ಬಾರದು.

ಮುಂದೆ ಆದದ್ದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ. ಅವಳ ಅಜ್ಜಿ ಸುಮಿತ್ರವ್ವ ಒಂದು ಸಂಗತಿ ಹೇಳುತ್ತಿದ್ದಳು. ಅವರ ಓಣಿಯ ಹೆಣ್ಣುಮಗಳೊಬ್ಬಳ ಲಿಂಗ ನೀರು ಸೇದುವಾಗ ಬಾವಿಗೆ ಬಿತ್ತಂತೆ. ಗಂಡಸರು ಮೂರು ದಿನ ಬಾವಿಗೆ ಇಳಿದು ಹುಡುಕಿದರಂತೆ. ಮೂರು ದಿನವೂ ಅವಳು ಬಾವಿಕಟ್ಟೆಯ ಮೇಲೆ ಒಂದು ಗುಟುಕು ನೀರಿಲ್ಲದೆ ಕೂತಿದ್ದಳಂತೆ. "ಲಿಂಗ ಬಿಟ್ಟ ಮೈ ಹೆಣ ಐತಿ ನೋಡವ್ವ. ಹೆಣ ಉಣ್ಣತೈತೇನು?" ಎಂದು ಸುಮಿತ್ರವ್ವ ಕೇಳುತ್ತಿದ್ದಳು, ಮೊಮ್ಮಗಳ ತಲೆ ಬಾಚುತ್ತ.

ಕಾಶವ್ವ ಉಂಡಳು. ಒಳಗೆ ಬಂದು, ಕೈ ಒರೆಸಿಕೊಂಡು, ಒಲೆಯ ಮೇಲಿದ್ದ ಚಹಾ ಸೋಸಿ ಕುಡಿದಳು. ಕುಡಿದಾದ ಮೇಲೆ ಗೊತ್ತಾಯಿತು ಕುಡಿದದ್ದು. ಮಧ್ಯಾಹ್ನ ಹಸಿವಾಯಿತು, ಮೊಸರನ್ನ ಕಲಸಿಕೊಂಡಳು. ಗಂಡ ಬರುವ ಹೊತ್ತಿಗೆ ಮೂರು ದಿನದ ಊಟ ಆಗಿಹೋಗಿತ್ತು. ಕಳೆದುಕೊಂಡದ್ದನ್ನಾದರೂ ಹೇಳಬಹುದಿತ್ತು. ಉಂಡದ್ದನ್ನು ಯಾವ ಬಾಯಿಂದ ಹೇಳುವುದು?

ಹೊಲಿಗೆ ಮಶೀನಿನ ಡ್ರಾದಲ್ಲಿ ಹಳೆಯದೊಂದು ಬಾಬಿನ್ ಕೇಸ್ ಬಿದ್ದಿತ್ತು, ಕೆಳದಾರದ ಉರುಳೆ ಕೂರುವ ಉಕ್ಕಿನ ಪುಟ್ಟ ಗೂಡು. ಅದನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಬಿಗಿಯಾಗಿ ಹೊಲಿದು, ಹೊಸ ದಾರ ಹಾಕಿ ಕೊರಳಿಗೆ ಕಟ್ಟಿಕೊಂಡಳು. ಬೆಳ್ಳಿ ಚುಚ್ಚುತ್ತದೆ, ಅದಕ್ಕೇ ಅರಿವೆ ಎಂದಳು. ಗಂಡ ಹೂಂ ಅಂದರು. ಅಲ್ಲಿಯತನಕ ಇಬ್ಬರೂ ದೇವರ ಕೋಣೆಯಲ್ಲಿ ಮಗ್ಗುಲಲ್ಲಿ ಕೂತು ಪೂಜೆ ಮಾಡಿಕೊಳ್ಳುತ್ತಿದ್ದರು. ಆಮೇಲೆ ಕಾಶವ್ವ, ಮಂಡಿ ನೋಯುತ್ತದೆ, ನೆಲಕ್ಕೆ ಕೂರಲಾಗುವುದಿಲ್ಲ ಎಂದು ಡಾಕ್‌ನ ತುದಿಗೆ ಕುರ್ಚಿ ಹಾಕಿಸಿಕೊಂಡಳು. ಮನೆಗೆ ಬೆನ್ನು, ನೀರಿಗೆ ಮುಖ, ಎಡ ಅಂಗೈ ಬಿಚ್ಚಿ ಎದೆಮಟ್ಟಕ್ಕೆ. ಅಂಗೈಯಲ್ಲಿ ಏನೂ ಇಲ್ಲ.

ಏನೂ ಇರಲಿಲ್ಲ ಎಂಬುದು ಮೊದಲಿನ ದಿನಗಳ ಮಾತು. ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೀರಿನ ಮೇಲೆ ಮಂಜಿತ್ತು. ಗಾಳಿ ಬೀಸಿ ಸಣ್ಣ ತೆರೆಗಳು ದಂಡೆಗೆ ಬರುತ್ತಿದ್ದವು. ಡಾಕ್‌ನ ಎದುರಿಗೆ ತಟ್ಟೆಯಗಲದ ಒಂದು ಜಾಗದಲ್ಲಿ ಮಾತ್ರ ತೆರೆ ಇರಲಿಲ್ಲ. ತೆರೆಗಳು ಅದನ್ನು ಸುತ್ತಿಕೊಂಡು ಹೋಗುತ್ತಿದ್ದವು, ಮಲಗಿದವರನ್ನು ದಾಟದೆ ಬಳಸಿಕೊಂಡು ಹೋಗುವಂತೆ. ಕಾಶವ್ವ ನೋಡುತ್ತಿದ್ದಂತೆ ಅವಳ ಅಂಗೈ ಕೆಳಗೆ ಜಗ್ಗಿತು. ಭಾರ. ಅದೇ ಭಾರ, ಗುಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಗುಂಡಿ ತೂಗಿದ ಕೈ ಅದು, ತಪ್ಪುವುದಿಲ್ಲ. ನೋಡಿದರೆ ಅಂಗೈ ಖಾಲಿ, ರೇಖೆಗಳ ನಡುವೆ ಸ್ವಲ್ಪ ತೇವ.

ಹೆದರಿಕೆಯಾಗಲಿಲ್ಲವೇ ಎಂದರೆ ಆಯಿತು. ಆದರೆ ಭಾರ ಬಾರದ ದಿನ ಇನ್ನೂ ಹೆಚ್ಚು ಹೆದರಿಕೆಯಾಗುತ್ತಿತ್ತು. ಹಾಗಂತ ತಾನು ಬದುಕಿದ್ದೇನೆ ಎಂದು ಅವಳಿಗೆ ಅನಿಸಿತೆಂದಲ್ಲ. ಪಕ್ಕದ ಮನೆಯ ಕಂದುಬಣ್ಣದ ನಾಯಿ ಗಾಳಿಗೂ ಬೊಗಳುವಂಥದು. ಆ ಮಂಗಳವಾರದಿಂದ ಅವಳನ್ನು ನೋಡಿ ಬೊಗಳುವುದನ್ನು ಬಿಟ್ಟಿತು. ಅವಳು ಹಾದುಹೋದರೆ ಯಾರೂ ಹೋಗಲಿಲ್ಲವೆಂಬಂತೆ ಕಾಲ ಮೇಲೆ ತಲೆಯಿಟ್ಟು ಮಲಗಿರುತ್ತಿತ್ತು. ಲೋಟಕ್ಕೆ ಗುಳಿಗೆ ಬಿದ್ದರೆ, ಸಿಂಕಿನಲ್ಲಿ ಹನಿ ಬಿದ್ದರೆ, ಅವಳಿಗೆ ಆ ಟುಳುಕ್ ಕೇಳಿಸುತ್ತಿತ್ತು. ಹೀಗೆ ಒಂಬತ್ತು ವರ್ಷ.

ಹೋದ ಡಿಸೆಂಬರಿನಲ್ಲಿ ಡಲ್ಲಾಸ್‌ನ ಡಾಕ್ಟರು ಅವಳ ಎದೆಯ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಆಪರೇಷನ್ ಆಗಬೇಕು ಎಂದರು. ಫೆಬ್ರವರಿ ಹನ್ನೊಂದಕ್ಕೆ ದಿನ ಗೊತ್ತಾಯಿತು. ಕಾರಿನಲ್ಲಿ ಬರುತ್ತ ಬಸಲಿಂಗಪ್ಪನವರು ಟ್ರಾಫಿಕ್ಕಿನಲ್ಲಿ ನಿಂತಾಗ ಆಸ್ಪತ್ರೆಯ ಕಾಗದ ಓದಿ ಹೇಳಿದರು.

"ಬಳಿ, ಉಂಗುರ, ಕಟ್ಟಿಸಿದ ಹಲ್ಲು, ಎಲ್ಲಾ ತಗೀಬೇಕಂತ. ಮೈಮ್ಯಾಲಿನ ದಾರ ಸೈತ."

"ದಾರ ಯಾಕಂತ?"

"ಅವ್ರ ರೂಲು. ಮನಿಯವ್ರ ಕೈಯಾಗ ಕೊಡ್ತಾರಂತ, ಪ್ಲಾಸ್ಟಿಕ್ ಚೀಲದಾಗ ಹಾಕಿ. ನೀ ಚಿಂತಿ ಮಾಡಬ್ಯಾಡ. ಚೀಲ ಗೀಲ ಬ್ಯಾಡ, ನಾನ ತಗಿಸಿ ಅಂಗೈಯಾಗ ಹಿಡಕೊಂಡು ಕುಂದ್ರತೀನಿ. ನಿನ್ನ ಲಿಂಗ ನೆಲಾ ಮುಟ್ಟಾಕ ಬಿಡಂಗಿಲ್ಲ."

ಇಷ್ಟು ಪ್ರೀತಿಯ ಮಾತು ಆ ಮನುಷ್ಯ ನಲವತ್ತೆಂಟು ವರ್ಷದಲ್ಲಿ ಆಡಿದ್ದು ಬಹಳ ಕಡಿಮೆ. ಆಪರೇಷನ್ನಿಗೆ ಕಾಶವ್ವ ಹೆದರಲಿಲ್ಲ. ಆ ಮನುಷ್ಯ ಅಂಗೈಯಲ್ಲಿನ ಅರಿವೆ ಬಿಚ್ಚಿ ನೋಡಿದಾಗ ಅಲ್ಲಿ ಬಾಬಿನ್ ಕೇಸ್ ಇರುತ್ತದೆ. ತಾನು ಮೇಜಿನ ಮೇಲಿಂದ ಏಳದಿದ್ದರೆ, ಮಣ್ಣಿಗಿಡುವಾಗ ಅದನ್ನೇ ತನ್ನ ಕೈಗಿಡುತ್ತಾರೆ. ಫೆಬ್ರವರಿ ಹನ್ನೊಂದರೊಳಗೆ ಲಿಂಗ ಸಿಗಬೇಕು.

ಸಿಗುವ ದಾರಿಯೊಂದಿತ್ತು. ಹತ್ತು ವರ್ಷಕ್ಕೊಮ್ಮೆ ಜನವರಿಯಲ್ಲಿ ಪಿ.ಓ.ಎ. ಕಟ್ಟೆಯ ತೂಬು ತೆಗೆದು ನೀರನ್ನು ಆರಡಿ ಇಳಿಸುತ್ತದೆ, ಡಾಕುಗಳ ಕಾಲು ರಿಪೇರಿ ಮಾಡಲು, ದಂಡೆಯ ಕಳೆ ಸಾಯಿಸಲು. ಈ ಜನವರಿ ಆ ಸರದಿ. ಆದರೆ ಇಳಿಸಬೇಕೋ ಬೇಡವೋ ಎಂಬುದು ಓಟಿಗೆ ಬಂದಿತ್ತು. ಬೇಡ ಎನ್ನುವವರ ಮುಂದಾಳು ಬೇರೆ ಯಾರೂ ಅಲ್ಲ, ಬಸಲಿಂಗಪ್ಪನವರೇ.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಸಭೆ. ಮಡಚುವ ಕುರ್ಚಿಗಳು, ಡೋನಟ್ಟಿನ ಪೆಟ್ಟಿಗೆ, ಡಾರ್ಲೀನಳ ಮುಂದೆ ಮರದ ಸುತ್ತಿಗೆ. ಒಂದು ಮನೆಗೆ ಒಂದು ಚೀಟಿ. ಬಾಗಿಲಲ್ಲಿ ಚೀಟಿ ಹಂಚುತ್ತಿದ್ದವಳು ರಾಜಲಕ್ಷ್ಮಿ, ಮೈಸೂರಿನವಳು, ಆ ಕೆರೆಯ ಮೇಲೆ ಇದ್ದ ಇನ್ನೊಂದೇ ಕನ್ನಡದ ಮನೆಯವಳು. ಬಸಲಿಂಗಪ್ಪನವರು ಮುಂದಿನ ಸಾಲಿನಲ್ಲಿ ಕಾಗದ ಜೋಡಿಸಿಕೊಳ್ಳುತ್ತಿದ್ದಾಗಲೇ ಕಾಶವ್ವ ಸಹಿ ಹಾಕಿ ಚೀಟಿ ತೆಗೆದುಕೊಂಡಳು. 'ಇಳಿಸಿ' ಎಂಬಲ್ಲಿ ಗುರುತು ಹಾಕಿದಳು.

ರಾಜಲಕ್ಷ್ಮಿ ಕನ್ನಡಕ ಮೂಗಿಗಿಳಿಸಿ ನೋಡಿದಳು. "ಏನ್ ಕಾಶವ್ವನವ್ರೇ, ಯಜಮಾನ್ರು ಬೇಡ ಅಂತಿದಾರೆ, ನೀವು ಬೇಕು ಅಂತೀರಲ್ಲ. ಮನೇಲಿ ಅವ್ರಿಗೆ ಊಟ ಸಿಗುತ್ತೋ ಇಲ್ವೋ?"

"ರೊಟ್ಟಿ ಮಾಡೇ ಬಂದೀನ್ರಿ. ನೀವೂ ಇದಕ್ಕ ಹಾಕ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ಕಾಲಿಗ್ಯಾಕೆ. ನಮ್ ಡಾಕೂ ಒಂದ್ ಕಡೆ ವಾಲಿದೆ, ಹಾಕ್ತೀನಿ ಬಿಡಿ. ಏನ್ ವಿಷ್ಯ ಅಂತ ಹೇಳಬಾರ್ದಾ?"

"ಆಮ್ಯಾಲ ಹೇಳ್ತೀನಿ."

ಬಸಲಿಂಗಪ್ಪನವರು ಎದ್ದು ಮಾತಾಡಿದರು. ಈ ಚಳಿಗಾಲ ಮಳೆಯಿಲ್ಲ, ಇಳಿಸಿದ ನೀರು ಬೇಸಿಗೆಗೂ ತುಂಬುವುದಿಲ್ಲ, ಮೀನು ಸಾಯುತ್ತವೆ ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಎಣಿಸಿದಾಗ 'ಇಳಿಸಿ' ಎಂಬುದಕ್ಕೆ ಎರಡು ಓಟು ಹೆಚ್ಚು ಬಂತು. ಡಾರ್ಲೀನ್ ಸುತ್ತಿಗೆ ಬಡಿದಳು.

"ನಮ್ಮ ಚೀಟಿ ಯಾರು ಹಾಕಿದ್ರು?" ಎಂದು ದಾರಿಯಲ್ಲಿ ಬಸಲಿಂಗಪ್ಪನವರು ಕೇಳಿದರು.

"ನಾ ಹಾಕಿದೆ."

"ಮತ್ತ ನಾ ಅಷ್ಟೊತ್ತು ಎದ್ದು ನಿಂತು ಒದರಿದ್ದು ಯಾರ ಸಂಬಂಧ?"

ಎರಡು ದಿನ ಅವರು ಟಿ.ವಿ. ಜತೆ ಮಾತ್ರ ಮಾತಾಡಿದರು.

ಜನವರಿ ಎರಡಕ್ಕೆ ತೂಬು ತೆಗೆದರು. ನೀರು ದಿನಕ್ಕೆ ಅರ್ಧ ಅಡಿಯಂತೆ ಸರಿಯತೊಡಗಿತು. ಹಸಿ ಬೇರಿನ, ಸತ್ತ ಚಿಪ್ಪಿನ, ಬಾಯಿ ಮುಚ್ಚಿಟ್ಟ ಹಂಡೆಯ ವಾಸನೆ ಮನೆಯೊಳಗೆಲ್ಲ ತುಂಬಿತು. ಒಂದೊಂದಾಗಿ ಓಕ್ ಮರದ ಬುಡಗಳು ಎದ್ದವು. ಕಪ್ಪಗೆ, ಮೊಣಕಾಲೆತ್ತರ, ಸಾಲು ಸಾಲು. ಕಾಶವ್ವನ ಕಣ್ಣಿಗೆ ಅವು ಯಾರೋ ಕೂತು ಅಂಗೈ ನೋಡಿಕೊಳ್ಳುತ್ತಿರುವಂತೆ ಕಂಡವು. ಐವತ್ತು ವರ್ಷದಿಂದ ಅವರು ಪೂಜೆಗೆ ಕೂತಿದ್ದಾರೆ, ಏಳಿ ಎಂದವರಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಅವಳು ಕುರ್ಚಿಯಲ್ಲಿ ಕೂತು ಅಂಗೈ ಬಿಚ್ಚಿದಳು. ಎದುರಿಗೆ ನೀರಿನ ಬದಲು ಕೆಸರು. ತೆರೆಯಿಲ್ಲದೆ ನಿಂತಿದ್ದ ಆ ತಟ್ಟೆಯಗಲದ ಜಾಗವೂ ಇಲ್ಲ. ಹೊತ್ತು ಏರಿತು. ಭಾರ ಬರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮರುದಿನ ಕಾಶವ್ವನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಒಂಬತ್ತು ವರ್ಷ ತನ್ನ ಕೈಗೆ ಬರುತ್ತಿದ್ದುದನ್ನು ಹುಡುಕುವುದಕ್ಕೆಂದು ತಾನೇ ಓಟು ಹಾಕಿ ಆಚೆ ಹರಿಸಿಬಿಟ್ಟಿದ್ದಳು. ಆದರೆ ಇನ್ನು ಹುಡುಕದೆ ಬಿಡುವಂತೆಯೂ ಇರಲಿಲ್ಲ.

ಕೆರೆಯ ತಳಕ್ಕೆ ಯಾರೂ ಇಳಿಯಕೂಡದೆಂದು ನಿಯಮ. ರಿಪೇರಿಯವರಿಗೆ ಮಾತ್ರ ಅಪ್ಪಣೆ; ಅವರಿಗೆ ಸಿಕ್ಕಿದ್ದನ್ನೆಲ್ಲ ಕ್ಲಬ್‌ಹೌಸಿನ ಉದ್ದ ಮೇಜಿನ ಮೇಲೆ ಇಡಬೇಕು, ಕಳೆದುಕೊಂಡವರು ಬಂದು ಒಯ್ಯಬೇಕು. ಇದೊಂದು ಹಳೆಯ ಪದ್ಧತಿ ಅಲ್ಲಿ. ಮೇಜು ನೋಡಿಕೊಳ್ಳುವವಳೂ ರಾಜಲಕ್ಷ್ಮಿಯೇ. ಒಂದು ದಿನ ಅವಳು ಫೋನ್ ಮಾಡಿದಳು.

"ಕಾಶವ್ವನವ್ರೇ, ನಮ್ ಕಡೇದು ಅನ್ನೋ ಹಾಗೆ ಒಂದ್ ಗುಂಡನೆ ಡಬ್ಬಿ ಸಿಕ್ಕಿದೆ ನೋಡಿ. ಬೆಳ್ಳಿ ಇರಬೇಕು, ಕಪ್ಪಾಗಿದೆ."

ಕಾಶವ್ವ ಚಪ್ಪಲಿ ಸಿಕ್ಕಿಸಿಕೊಂಡು ನಡೆದೇ ಹೋದಳು. ನಡುವೆ ಎರಡು ಸಲ ಉಸಿರು ಹಿಡಿದು ನಿಲ್ಲಬೇಕಾಯಿತು. ಮೇಜಿನ ಮೇಲೆ ಕನ್ನಡಕಗಳಿದ್ದವು, ಒಂದು ಸೆಟ್ಟು ಹಲ್ಲು, ಕೂಸಿನ ಒಂದು ಬೂಟು, ಹತ್ತಾರು ಗಾಳದ ಕಡ್ಡಿ, ಮದುವೆಯ ಉಂಗುರವೊಂದು. ಒಂದೊಂದಕ್ಕೂ ಚೀಟಿ ಕಟ್ಟಿ, ಯಾರ ಡಾಕ್‌ನ ಹತ್ತಿರ ಸಿಕ್ಕಿತೆಂದು ಬರೆದಿತ್ತು. ಸತ್ತವರ ಮನೆಯ ಸಾಮಾನು ಹೊರಗಿಟ್ಟ ಹಾಗೆ ಕಂಡಿತು. ರಾಜಲಕ್ಷ್ಮಿ ಡಬ್ಬಿ ಕೈಗೆ ಕೊಟ್ಟಳು. ಕಾಶವ್ವ ತೂಗಿದಳು. ತೆರೆಯಬೇಕಾಗಲಿಲ್ಲ.

"ಇದು ಯಾರದೋ ತಂಬಾಕದ ಡಬ್ಬಿರಿ."

"ಮುಖ ಯಾಕೆ ಹೀಗಾಯ್ತು ನಿಮ್ದು? ಕೂತ್ಕೊಳ್ಳಿ, ನೀರು ಕೊಡ್ತೀನಿ."

"ನೀರು ಬ್ಯಾಡ್ರಿ."

ಮರುದಿನ ಬೆಳಿಗ್ಗೆ ಬಸಲಿಂಗಪ್ಪನವರು ಕಟ್ಟೆಗೆ ಹೋದ ಮೇಲೆ ಕಾಶವ್ವ ಗ್ಯಾರೇಜಿನಿಂದ ಬಟ್ಟೆ ಕತ್ತರಿಸುವ ಉದ್ದ ಹಲಗೆ ಎಳೆದು ತಂದಳು. ಹ್ಯೂಸ್ಟನ್ ಬಿಡುವಾಗ ಎಲ್ಲ ಮಾರಿದರೂ ಅದೊಂದನ್ನು ಇಟ್ಟುಕೊಂಡಿದ್ದಳು. ಡಾಕ್‌ನ ಏಣಿಯ ಬುಡದಲ್ಲಿ ಅದನ್ನು ಕೆಸರ ಮೇಲೆ ಹಾಸಿ, ಸೀರೆ ಎತ್ತಿ ಕಟ್ಟಿ, ಇಳಿದು, ಮಂಡಿಯೂರಿ ಕೂತಳು. ಕೈ ಇಳಿಸಿದಳು. ಮೇಲೆ ಚಳಿ, ಒಳಗೆ ಉಗುರು ಬಿಸಿ. ಒಂಬತ್ತು ವರ್ಷದ ರಾಡಿ ಮೊಳಕೈ ದಾಟಿ ತೋಳಿನವರೆಗೆ ಬಂತು. ಚಿಪ್ಪು ಸಿಕ್ಕಿತು, ಬಾಟಲಿಯ ಚೂರು ಸಿಕ್ಕಿತು, ಬೇರು ಸಿಕ್ಕಿತು. ಬೇರು ಅವಳ ಬೆರಳನ್ನು ಹಿಡಿದುಕೊಂಡಂತಾಗಿ ಜಗ್ಗಿ ಬಿಡಿಸಿಕೊಂಡಳು.

"ಏ ಕಾಶಿ."

ಬಸಲಿಂಗಪ್ಪನವರು ಡಾಕ್‌ನ ಮೇಲೆ ನಿಂತಿದ್ದರು. ಬರೆದುಕೊಳ್ಳುವ ಪುಸ್ತಕ ಮರೆತು ವಾಪಸು ಬಂದಿದ್ದರು.

"ಎದಿ ಕೊಯ್ಸಿಕೊಳ್ಳಾಕ ಇನ್ನ ಹದಿನೈದು ದಿನ ಇಲ್ಲ, ಕೆಸರಾಗ ಏನ್ ಮಾಡಾಕತ್ತಿ ಅಲ್ಲಿ? ಏನ್ ಕಳಕೊಂಡಿ?"

ಕಾಶವ್ವ ಕೆಸರಿನ ಕೈಯಿಂದಲೇ ಕೊರಳ ದಾರ ಹೊರಗೆಳೆದಳು. ವಸ್ತ್ರದ ಹೊಲಿಗೆಯನ್ನು ಹಲ್ಲಿನಿಂದ ಕಿತ್ತಳು. ಬಾಬಿನ್ ಕೇಸನ್ನು ಮೇಲೆತ್ತಿ ತೋರಿಸಿದಳು.

ಅವರು ನೋಡಿದರು. ಆಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟು, ಎಪ್ಪತ್ನಾಲ್ಕು ವರ್ಷದ ಮನುಷ್ಯ, ಏಣಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹಲಗೆಯ ಇನ್ನೊಂದು ತುದಿಗೆ ಕೂತರು.

"ಯಾವಾಗ?"

"ಒಂಬತ್ತು ವರ್ಷ ಆತ್ರಿ. ನೀವು ವಿಜಯನ ಮನಿಗೆ ಹೋಗಿದ್ರಿ."

"ಊರಿಗೆ ಒಂದು ಫೋನ್ ಹಚ್ಚಿದ್ರ ಅಯ್ನೋರು ಬ್ಯಾರೆ ಕಟ್ಟಿ ಕೊಡ್ತಿದ್ರಲ್ಲ. ಈಗ ಯಾರು ಅಷ್ಟು ಕಟ್ಟುನಿಟ್ಟು ಮಾಡ್ತಾರ? ಇದನ್ನ ಹೊಟ್ಟ್ಯಾಗ ಇಟಗೊಂಡು ಒಂಬತ್ತು ವರ್ಷ..."

"ಅವತ್ತು ನಾ ಉಂಡೆ."

"ಏನು?"

"ಕೆರಿಯಾಗ ಬಿತ್ತು, ಒಳಗ ಬಂದು ಚಹಾ ಕುಡದೆ. ಮಧ್ಯಾಹ್ನ ಉಂಡೆ."

"ಏನ್ ಉಂಡಿ?"

"ಮೊಸರನ್ನ. ಉಪ್ಪಿನಕಾಯಿ ಹಚ್ಚಿಕೊಂಡು."

ಬಸಲಿಂಗಪ್ಪನವರು ಅಂಗಿಯ ತೋಳು ಮಡಚಿ ಕೆಸರಿಗೆ ಕೈ ಹಾಕಿದರು. ಅದೇ ಹೊತ್ತಿಗೆ ದಂಡೆಯ ಮೇಲೆ ಗಾಲ್ಫ್ ಗಾಡಿ ಬಂದು ನಿಂತಿತು. ತಳಕ್ಕೆ ಇಳಿಯಕೂಡದೆಂದು ಗೊತ್ತಿಲ್ಲವೇ ಎಂದು ಡಾರ್ಲೀನ್ ಇಂಗ್ಲಿಷಿನಲ್ಲಿ ಕೂಗಿದಳು.

"ಕಮಿಟಿ ಇನ್‌ಸ್ಪೆಕ್ಷನ್," ಎಂದರು ಬಸಲಿಂಗಪ್ಪನವರು, ತಲೆ ಎತ್ತದೆ.

ಡಾರ್ಲೀನ್ ಇಬ್ಬರನ್ನೂ ನೋಡಿದಳು. ಹಲಗೆಯನ್ನು ನೋಡಿದಳು. ಗಾಡಿ ತಿರುಗಿಸಿಕೊಂಡು ಹೋದಳು. ಕಾಗದವೇನೂ ಬರಲಿಲ್ಲ.

ನಾಲ್ಕು ದಿನ ಇಬ್ಬರೂ ಹುಡುಕಿದರು. ಸಿಗಲಿಲ್ಲ. ಜನವರಿ ಕೊನೆಗೆ ತೂಬು ಮುಚ್ಚಿದರು. ಎಂಜಿನಿಯರು ಹೇಳಿದಂತೆಯೇ ಮಳೆ ಬರಲಿಲ್ಲ. ಡಾಕು ಒಣ ಕೆಸರಿನ ಮೇಲೆ ಬರಿಗಾಲಲ್ಲಿ ನಿಂತಿತ್ತು. ಹ್ಯೂಸ್ಟನ್ನಿಗೆ ಅಯ್ಯನವರೊಬ್ಬರು ಬಂದಿದ್ದಾರೆ, ಕರೆಸುತ್ತೇನೆ ಎಂದು ಬಸಲಿಂಗಪ್ಪನವರು ಎರಡು ಸಲ ಹೇಳಿದರು. ಕಾಶವ್ವ ಒಪ್ಪಲಿಲ್ಲ.

"ಅದು ಹೋಗಿಲ್ರಿ. ಅಲ್ಲೇ ಐತಿ. ಅದು ಇರೂಮುಂದ ಇನ್ನೊಂದು ಹೆಂಗ ಕಟಗೊಳ್ಳಲಿ? ಕೆರಿ ತುಂಬಿದ್ದಾಗ ದಿನಾ ಕೈಯಾಗ ಬರ್ತಿತ್ತು. ಭಾರ ತಿಳೀತಿತ್ತು ನನಗ. ಈಗ ಬರವಲ್ದು. ನಾನ ಓಟ್ ಹಾಕಿ ಕಳಿಸಿದೆ."

ಬಸಲಿಂಗಪ್ಪನವರು ಆಯುಷ್ಯವಿಡೀ ನೀರನ್ನು ಅಡಿ ಇಂಚಿನಲ್ಲಿ ಅಳೆದವರು. ಸುಳ್ಳು ಎನ್ನಲಿಲ್ಲ, ನಿಜ ಎನ್ನಲಿಲ್ಲ. ದಿನಾ ಕಟ್ಟೆಗೆ ಹೋಗಿ ಗುರುತು ನೋಡಿ ಬರುತ್ತಿದ್ದರು. ಅವಳು ಕೇಳುವ ಮೊದಲೇ, ಬಾಗಿಲಲ್ಲಿ ನಿಂತು, ನೀರು ಏರಿಲ್ಲ ಎಂದು ತಲೆಯಾಡಿಸುತ್ತಿದ್ದರು.

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಅವಳು ಹೊರಡುವ ಮೊದಲು ಡಾಕ್‌ನ ಮೇಲೆ ಕೂತು ಬಂದಳು. ಓಕ್ ಬುಡಗಳು ಇನ್ನೂ ಹೊರಗೇ ಇದ್ದವು. ಅಂಗೈ ಹತ್ತಿಯಂತೆ ಹಗುರ. ಗೇಟು ದಾಟುವಾಗ ಪಕ್ಕದ ಮನೆಯ ನಾಯಿ ತಲೆ ಕೂಡ ಎತ್ತಲಿಲ್ಲ.

ಡಲ್ಲಾಸ್‌ನ ಆಸ್ಪತ್ರೆಯಲ್ಲಿ ಪರದೆ ಕಟ್ಟಿದ ಸಣ್ಣ ಜಾಗದಲ್ಲಿ ಅವಳನ್ನು ಮಲಗಿಸಿ, ಬೆನ್ನ ಹಿಂದೆ ಕಟ್ಟುವ ನಿಲುವಂಗಿ ಹಾಕಿಸಿದರು. ಅದರ ಹೊಲಿಗೆ ಎಂಥ ಕೆಟ್ಟದ್ದು ಎಂದು ಕಾಶವ್ವ ಅಂಚನ್ನು ತಿರುವಿ ನೋಡಿದಳು. ಬಳೆ, ಉಂಗುರ, ಖಾಲಿ ದಾರ ಎಲ್ಲ ತೆಗೆದು ಗಂಡನಿಗೆ ಕೊಟ್ಟಳು. ಬಾಬಿನ್ ಕೇಸನ್ನು ಆವತ್ತೇ ಡ್ರಾಕ್ಕೆ ಹಾಕಿದ್ದಳು.

ನರ್ಸ್ ಆಚೆ ಹೋದಾಗ ಬಸಲಿಂಗಪ್ಪನವರು ಕೋಟಿನ ಜೇಬಿನಿಂದ ವಿಭೂತಿಯ ಸ್ಟೀಲ್ ಡಬ್ಬಿ ತೆಗೆದರು. ಒಳಗೆ ವಿಭೂತಿ ಇರಲಿಲ್ಲ. ಕೆರೆಯ ಕೆಸರು ಇತ್ತು. ಡಾಕ್‌ನಡಿಯಿಂದ ತಂದು, ಕಲ್ಲು ಕಸ ಆರಿಸಿ, ಹೆಬ್ಬೆರಳಲ್ಲಿ ತೀಡಿ ತೀಡಿ ಉಂಡೆ ಮಾಡಿದ್ದರು. ಕಪ್ಪಗೆ, ನುಣ್ಣಗೆ, ಮೇಲೆ ಸಣ್ಣಗೆ ಹೊಳಪು.

"ಅದೇ ಜಾಗದ್ದು. ಎಲ್ಲಿ ಬಿತ್ತಂತ ತೋರಿಸಿದ್ದಿ ನೋಡು, ಅಲ್ಲಿದು. ಕೈ ತಾ."

ಕಾಶವ್ವ ಎಡ ಅಂಗೈ ಬಿಚ್ಚಿದಳು. ಉಂಡೆ ಕೂತಿತು. ಅಂಗೈ ಕೆಳಗೆ ಜಗ್ಗಿತು. ಅವಳು ಕಣ್ಣು ಮುಚ್ಚಿದಳು. ಆಸ್ಪತ್ರೆಯ ಔಷಧಿ ವಾಸನೆಯ ನಡುವೆ ಹಸಿ ಬೇರಿನ ವಾಸನೆ ಎದ್ದಿತು.

"ಹೆಂಗೈತಿ?" ಎಂದರು ಬಸಲಿಂಗಪ್ಪನವರು. ಕೇಳುವಾಗ ಅವರ ಧ್ವನಿ ಎಂಜಿನಿಯರಿನದಾಗಿರಲಿಲ್ಲ.

"ಹೂಂ. ಅಷ್ಟೇ ಐತಿ."

ಪರದೆ ಸರಿಯಿತು. ನರ್ಸ್ ಮಣ್ಣನ್ನು ನೋಡಿ ಗಾಬರಿಯಾದಳು. ಇದು ಒಳಗೆ ಬರುವಂತಿಲ್ಲ, ಸೋಂಕಾಗುತ್ತದೆ, ಕ್ಷಮಿಸಿ ಎಂದಳು. ಬಸಲಿಂಗಪ್ಪನವರು ಏನೋ ಹೇಳಲು ಬಾಯಿ ತೆರೆದರು. ಕಾಶವ್ವ ತಲೆಯಾಡಿಸಿ ತಾನೇ ಕೈ ಮುಂದೆ ಮಾಡಿದಳು. ನರ್ಸ್ ಉಂಡೆಯನ್ನು ಡಬ್ಬಿಗೆ ಹಾಕಿ, ಔಷಧಿಯ ಒದ್ದೆ ಅರಿವೆಯಿಂದ ಅಂಗೈಯನ್ನು ತಿಕ್ಕಿ ಒರೆಸಿದಳು. ಮತ್ತೊಂದು ಅರಿವೆ ತೆಗೆದು ಮತ್ತೆ ಒರೆಸಿದಳು. ಮೂರನೆಯದನ್ನೂ ತೆಗೆದಳು. ತೇವ ಯಾಕೆ ಹೋಗುತ್ತಿಲ್ಲ ಎಂದು ತನ್ನಲ್ಲೇ ಗೊಣಗಿದಳು.

"ಭಾರ ಹೋಗಿಲ್ರಿ," ಎಂದಳು ಕಾಶವ್ವ, ಗಂಡನಿಗೆ ಮಾತ್ರ ಕೇಳುವಷ್ಟು.

ಬಸಲಿಂಗಪ್ಪನವರು ಬಗ್ಗಿ ನೋಡಿದರು. ಅಂಗೈಯ ನಡುವೆ, ರೇಖೆಗಳ ಮೇಲೆ, ಗುಂಡಗೆ ಒಂದು ತಗ್ಗು ಬಿದ್ದಿತ್ತು. ಮೆತ್ತಗಿನ ಹಾಸಿಗೆಯ ಮೇಲೆ ಏನೋ ಕೂತು, ಇನ್ನೂ ಎದ್ದು ಹೋಗದ ಹಾಗೆ.

ನರ್ಸ್ ಸೂಜಿ ಹಿಡಿದು ಎಡಗೈಯನ್ನು ಎಳೆದುಕೊಳ್ಳಲು ಬಂದಳು.

"ಆ ಕೈ ಬೇಡ," ಎಂದರು ಬಸಲಿಂಗಪ್ಪನವರು ಇಂಗ್ಲಿಷಿನಲ್ಲಿ. "ಬಲಗೈಗೆ ಚುಚ್ಚಿ."

ಯಾಕೆ, ಎಡಗೈಗೆ ಏನಾದರೂ ತೊಂದರೆಯಿದೆಯೇ ಎಂದು ಅವಳು ಕೇಳಿದಳು.

"ಅದರಲ್ಲಿ ಅವಳು ಏನನ್ನೋ ಹಿಡಿದುಕೊಂಡಿದ್ದಾಳೆ."

ನರ್ಸ್ ಖಾಲಿ ಅಂಗೈಯನ್ನು ನೋಡಿದಳು, ಆ ಮನುಷ್ಯನ ಮುಖವನ್ನು ನೋಡಿದಳು, ಸುತ್ತಿಕೊಂಡು ಮಂಚದ ಆಚೆ ಬದಿಗೆ ಹೋದಳು. ಸ್ವಲ್ಪ ಹೊತ್ತಿಗೆ ಇಬ್ಬರು ಬಂದು ಮಂಚವನ್ನು ತಳ್ಳಿಕೊಂಡು ಹೊರಟರು. ಉದ್ದನೆಯ ಓಣಿಯಲ್ಲಿ ಅವಳ ಎಡಗೈ ಅಂಚಿನಾಚೆ ಚಾಚಿಕೊಂಡೇ ಇತ್ತು, ಅಂಗೈ ಮೇಲಾಗಿ, ತುಂಬಿದ ಬಟ್ಟಲು ತುಳುಕದಂತೆ ಒಯ್ಯುವವರ ಹಾಗೆ. ತಿರುವಿನಲ್ಲಿ ಗಾಲಿ ಎತ್ತಿ ಹಾಕಿತು. ಕೈ ಅಲುಗಲಿಲ್ಲ.

ಬಸಲಿಂಗಪ್ಪನವರು ಡಬ್ಬಿಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು, ಹೇಳಿದ್ದಂತೆಯೇ, ನೆಲ ಮುಟ್ಟಗೊಡದೆ ಕೂತರು. ಓಣಿಯ ನೆಲದ ಮೇಲೆ ಮಂಚ ಹೋದ ದಾರಿಯುದ್ದಕ್ಕೂ, ಅವಳ ಎಡಗೈ ಚಾಚಿದ್ದ ಬದಿಗೆ, ಚಹಾದ ಬಣ್ಣದ ಹನಿಗಳು ಬಿದ್ದಿದ್ದವು, ಒಂದರ ಹಿಂದೆ ಒಂದು, ತಿರುವಿನವರೆಗೆ.